ಬಸವಣ್ಣೆವ್ವನ ಖಾನಾವಳಿಗೆ ನಾನು ಹಾಕಿದ ನಕ್ಷೆ

ಪುಣೆಯ ನಾನಾ ಪೇಟೆಯಲ್ಲಿ ಬಸವಣ್ಣೆವ್ವನ ಖಾನಾವಳಿಯನ್ನು ಉಳಿಸಿದವನು ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ಜನರ ಮರೆಗುಳಿತನದಿಂದ. ಸಂಸ್ಥೆಗಳು ಹೇಗೆ ನಡೆಯುತ್ತವೆ, ಹೇಗೆ ಬದಲಾಗುತ್ತವೆ ಎಂಬ ಶಾಸ್ತ್ರವನ್ನು ೧೯೩೬ರಲ್ಲಿ ಕೃಷ್ಣಾ ನದಿಯ ಈಚೆಗೂ ಆಚೆಗೂ ಬಲ್ಲವನು ನಾನೊಬ್ಬನೇ. ನನ್ನ ತಲೆಯಿಂದ ಹೊರಡುತ್ತಿದ್ದ ಬೆಳಕಿಗೆ ಮುನಿಸಿಪಾಲಿಟಿಯವರು ನಮ್ಮ ಓಣಿಯಲ್ಲಿ ದೀಪ ಹಚ್ಚುವುದನ್ನೇ ಬಿಟ್ಟಿದ್ದರು. ಎಣ್ಣೆ ಉಳಿಸಿಕೊಟ್ಟದ್ದಕ್ಕೆ ನನಗೊಂದು ಶಾಲು ಹೊದಿಸಬೇಕಾಗಿತ್ತು, ಹೊದಿಸಲಿಲ್ಲ. ಇರಲಿ.

ಬಸವಣ್ಣೆವ್ವ ವಿಜಾಪುರ ಜಿಲ್ಲೆಯ ಇಂಡಿ ಕಡೆಯ ಹೆಣ್ಣುಮಗಳು. ಹದಿನಾರನೆಯ ವಯಸ್ಸಿಗೆ ಗಂಡನ ಹಿಂದೆ ಪುಣೆಗೆ ಬಂದವಳು. ಗಂಡ ಭವಾನಿ ಪೇಟೆಯ ಧಾನ್ಯದ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲ. ೧೯೧೮ರ ಆ ದೊಡ್ಡ ಜ್ವರ ಅವನನ್ನು ನಾಲ್ಕೇ ದಿನದಲ್ಲಿ ಎತ್ತಿಕೊಂಡು ಹೋಯಿತು. ಊರಿಂದ ಅಣ್ಣ ಬಂದು, "ನಡಿ, ಗಂಟು ಕಟ್ಟು" ಅಂದ.

"ಹಬ್ಬಕ್ಕ ಕರಿ, ಬರ್ತೀನಿ. ಹೊಟ್ಟಿಪಾಡಿಗೆ ಬರಂಗಿಲ್ಲ" ಅಂದಳು ಇವಳು.

ಮರುದಿನ ಗಂಡನ ಜೊತೆಗಾರ ಹಮಾಲ ಕಾಡಪ್ಪ ಒಂದು ಡಬ್ಬಿ ಜೋಳದ ಹಿಟ್ಟು ಹೊತ್ತು ತಂದು ಕಟ್ಟೆಯ ಮೇಲಿಟ್ಟ. "ತಂಗೀ, ನಾವು ಐದು ಮಂದಿ ಇದ್ದೀವಿ. ನಿನ್ನ ಕೈಯಾಗ ರೊಟ್ಟಿ ಬಡದ ಹಾಕ್ತೀಯೇನು?" ಅಷ್ಟೇ. ಖಾನಾವಳಿ ಶುರುವಾಯಿತು. ಬೋರ್ಡಿಲ್ಲ, ಪೂಜೆಯಿಲ್ಲ, ತೆಂಗಿನಕಾಯಿಯಿಲ್ಲ.

ನಾನು ಅಲ್ಲಿ ಊಟಕ್ಕೆ ಹಚ್ಚಿಕೊಂಡದ್ದು ೧೯೩೦ರಲ್ಲಿ, ಒಂದು ಸರಕಾರಿ ಕಚೇರಿಯ ಕಾರಕೂನನಾಗಿ ಪುಣೆಗೆ ಬಂದಾಗ. ಆಗಲೇ ಐವತ್ತೆರಡು ಮಂದಿ ಉಣ್ಣುತ್ತಿದ್ದರು: ನನ್ನಂಥ ಕಾರಕೂನರು, ಬಟ್ಟೆ ಅಂಗಡಿಯ ಗುಮಾಸ್ತರು, ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು. ಎಲ್ಲರೂ ಕನ್ನಡದವರು, ಹೊರಗೆ ದಿನವಿಡೀ ಮರಾಠಿ ಆಡಿ ನಾಲಿಗೆ ದಣಿದು ಬರುತ್ತಿದ್ದವರು. ಅವಳ ರೊಟ್ಟಿಯ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಸಿದ್ರಾಮಪ್ಪ ಎಂಬ ಗುಮಾಸ್ತ ಒಮ್ಮೆ ಅದನ್ನು ವರ್ತಮಾನಪತ್ರಿಕೆಯ ಮೇಲೆ ಹರವಿ, ರೊಟ್ಟಿಯೊಳಗಿಂದಲೇ ಅಗ್ರಲೇಖನ ಪೂರಾ ಓದಿದ. ಆಮೇಲೆ ರೊಟ್ಟಿ ತಿಂದ, ಲೇಖನ ಉಳಿಯಿತು. ಈ ಸಿದ್ರಾಮಪ್ಪ ಊಟಕ್ಕೆ ಕೂತನೆಂದರೆ ಸೋಲಾಪುರದ ಹೊಲಗಳಲ್ಲಿ ಜೋಳದ ತೆನೆಗಳು ನಡುಗುತ್ತಿದ್ದವು.

ಮನೆಯ ರಚನೆ ಹೀಗಿತ್ತು. ಮುಂದೆ ಉದ್ದನೆಯ ಪಡಸಾಲೆ, ಅಲ್ಲಿ ಸಾಲಾಗಿ ಮಣೆಗಳು. ಒಳಗೆ ಅಡುಗೆಮನೆ. ನಡುವೆ ಒಂದು ಗೋಡೆ. ಒಲೆ ಹಿಂದಿನ ಗೋಡೆಗೆ ಹತ್ತಿ ಇದ್ದುದರಿಂದ ಬಸವಣ್ಣೆವ್ವ ಎಲ್ಲರಿಗೂ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಸುವವಳು ಕಲ್ಲವ್ವ. ಬೀದಿಬಾಗಿಲ ಹೊಸ್ತಿಲಲ್ಲಿ ಒಂದು ಚಾಪೆ, ಚಾಪೆಯ ಮೇಲೆ ಕಾಡಪ್ಪ. ಚೀಲ ಹೊತ್ತು ಹೊತ್ತು ಅವನ ಮೊಣಕಾಲು ಎಂದೋ ಕೈಬಿಟ್ಟಿದ್ದವು. ಹತ್ತು ವರ್ಷದಿಂದ ಅವನು ಅಲ್ಲಿ ಕೂತು, ಬಂದವರ ಹೆಸರು ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಾನು ಬಂದರೆ, "ಬರ್ರಿ ಬರ್ರಿ ಹೊಳಬಸಪ್ಪನವರ! ಊರಿಂದ ಟಪಾಲ ಬಂತೇನ್ರಿ?" ನಾವು ಬಂತು ಅಥವಾ ಇಲ್ಲ ಅನ್ನುತ್ತಿದ್ದೆವು, ಕಾಲು ತೊಳೆದು ಒಳಗೆ ಹೋಗುತ್ತಿದ್ದೆವು.

ಇಷ್ಟು ಚೆಂದ ನಡೆಯುತ್ತಿದ್ದಾಗ ೧೯೩೬ರ ದೀಪಾವಳಿ ಮುಗಿದ ಮೇಲೆ ಎದುರಿನ ಸಾಲಿನಲ್ಲಿ ಮಾರ್ತಾಂಡರಾವ್ ಎಂಬವರು ಒಂದು ಭೋಜನಗೃಹ ತೆರೆದರು. ಮೇಜು, ಕುರ್ಚಿ, ಗಾಜಿನ ಲೋಟ, ತಲೆಯ ಮೇಲೆ ತಿರುಗುವ ಪಂಖ. ಪಂಖದ ಗಾಳಿಗೆ ಮೊದಲ ವಾರದಲ್ಲೇ ನಮ್ಮ ಎಂಟು ಮಂದಿ ಹಾರಿಹೋದರು. ಸುದ್ದಿ ಯಾರು ಮುಟ್ಟಿಸಿದರೋ, ಅಣ್ಣನಿಂದ ಪತ್ರ ಬಂತು. ಬಸವಣ್ಣೆವ್ವನಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿದೆ. "ಇನ್ನೂ ಎಷ್ಟು ದಿನ ಬೆಂಕಿಯ ಮುಂದೆ? ದನದ ಕೊಟ್ಟಿಗೆಯ ಪಕ್ಕ ಒಂದು ಕೋಣೆ ಸುಣ್ಣ ಬಳಿಸಿ ಇಟ್ಟಿದ್ದೇನೆ, ಬಂದುಬಿಡು."

ಅವಳು ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು. "ಮೂವತ್ತು ಮಂದಿಗಿಂತ ಕಡಿಮಿ ಆದ್ರ ಈ ಒಲಿ ನಡ್ಯಂಗಿಲ್ಲ ತಮ್ಮಾ. ಆ ಕೋಣ್ಯಾಗ ಹೋಗಿ, ಅತ್ತಿಗಿ ಕೈ ನೋಡಕೋತ ಕೂಡಬೇಕಾಗ್ತದ. ನೀ ಓದಿದಾಂವ ಇದ್ದಿ. ನಿನಗ ಏನರ ಹೊಳೀತದೇನು?"

ನನಗೆ ಹೊಳೆಯದೆ ಇರುತ್ತದೆಯೇ? ಆಗ ನಾನು ಮುಂಬಯಿಯ ಒಂದು ಸಂಸ್ಥೆಯಿಂದ ಟಪಾಲಿನ ಮೂಲಕ ಸಂಘಟನಾಶಾಸ್ತ್ರ ಕಲಿಯುತ್ತಿದ್ದೆ. ಒಟ್ಟು ಹನ್ನೆರಡು ಪಾಠ, ತಿಂಗಳಿಗೊಂದು ಕಂದು ಲಕೋಟೆ. ಆ ಹೊತ್ತಿಗೆ ಎಂಟು ಬಂದಿದ್ದವು. ಸಂಸ್ಥೆಯೆಂದರೆ ಒಂದು ಯಂತ್ರ ಎಂದು ಮೂರನೆಯ ಪಾಠ ಹೇಳಿತ್ತು. ಪ್ರತಿಯೊಬ್ಬನಿಗೂ ಒಂದು ಗೊತ್ತಾದ ಕೆಲಸ ಇರಬೇಕು, ಕೆಲಸವಿಲ್ಲದವನು ಯಂತ್ರದೊಳಗೆ ಬಿದ್ದ ಹರಳು ಎಂದು ಐದನೆಯದು. ಕೋರ್ಸು ಮುಗಿಯಬೇಕಾದರೆ ಯಾವುದಾದರೊಂದು ಸಂಸ್ಥೆಯನ್ನು ಅಭ್ಯಾಸ ಮಾಡಿ, ಸುಧಾರಿಸಿ, ವರದಿ ಕಳಿಸಬೇಕು. ನನಗೆ ಖಾನಾವಳಿ ಸಿಕ್ಕಿತು. ಖಾನಾವಳಿಗೆ ನಾನು ಸಿಕ್ಕೆ. ಇಬ್ಬರಲ್ಲಿ ಯಾರ ದೈವ ಕೆಟ್ಟಿತ್ತೆಂದು ಮುಂದೆ ತಿಳಿಯುತ್ತದೆ.

ಒಂದು ವಾರ ರಜೆ ಹಾಕಿ, ರೈಲ್ವೆಯ ಗೆಳೆಯನೊಬ್ಬನ ಜೇಬುಗಡಿಯಾರ ಎರವಲು ತಂದು ಪಡಸಾಲೆಯ ಮೂಲೆಯಲ್ಲಿ ಕೂತೆ. ಮಣೆಯ ಮೇಲೆ ಕೂತದ್ದರಿಂದ ತೇಗುವವರೆಗೆ ಎಷ್ಟು ನಿಮಿಷ, ಕಲ್ಲವ್ವ ಒಂದು ಹೊತ್ತಿಗೆ ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಲ್ಲ ಬರೆದುಕೊಂಡೆ. ನನ್ನ ಲೆಕ್ಕದ ಪ್ರಕಾರ ಕಲ್ಲವ್ವ ಆ ಪಡಸಾಲೆಯಲ್ಲೇ ಅಷ್ಟು ವರ್ಷಗಳಲ್ಲಿ ಕಾಶಿಗೆ ಹೋಗಿ ಬಂದು, ಇನ್ನೊಮ್ಮೆ ಹೊರಟು ನಾಗಪುರ ದಾಟಿದ್ದಳು. ಆಮೇಲೆ ಒಬ್ಬೊಬ್ಬರನ್ನೂ ವಿಚಾರಿಸಿದೆ. ಕಾಡಪ್ಪನ ಸರದಿ ಬಂತು.

"ಕಾಕಾ, ನಿಮ್ಮ ಕೆಲಸ ಏನ್ರಿ?"

"ಕೂಡೂದು."

"ಕೂತು ಏನ ಮಾಡ್ತೀರಿ?"

"ಬಂದವರಿಗೆ ಬರ್ರಿ ಅಂತೀನಿ."

"ಅನ್ನದಿದ್ರ ಅವರು ಒಳಗ ಬರೂದಿಲ್ಲೇನು?"

ಕಾಡಪ್ಪ ಮೊಣಕಾಲು ತಿಕ್ಕಿಕೊಂಡ. ಪ್ರಾಮಾಣಿಕ ಮನುಷ್ಯ. "ಬರ್ತಾರ. ಹಸಿವಿ ಆಗಿರ್ತದಲ್ಲ" ಅಂದ.

ನಾನು ಬರೆದೆ: ಕೆಲಸ, ಇಲ್ಲ.

ದೊಡ್ಡ ಹಾಳೆಯ ಮೇಲೆ ನಕ್ಷೆ ತಯಾರಾಯಿತು. ಮೇಲಿನ ಚೌಕದಲ್ಲಿ ಬಸವಣ್ಣೆವ್ವ, ಕೆಳಗೆ ಕಲ್ಲವ್ವ, ಪಾತ್ರೆ ತಿಕ್ಕುವವಳು, ನೀರು ತರುವವನು. ಚೌಕದಿಂದ ಚೌಕಕ್ಕೆ ಬಾಣ. ಬಸವಣ್ಣೆವ್ವ ಅದನ್ನು ರಂಗೋಲಿ ನೋಡುವಂತೆ ಕತ್ತು ಓರೆ ಮಾಡಿ ನೋಡಿದಳು. "ಕಾಡಪ್ಪಣ್ಣ ಎಲ್ಲಿ?" ಅಂದಳು.

"ಹಿತ್ತಲದಾಗ. ಬ್ಯಾಳಿ ಆರಸೂ ಕೆಲಸ ಕೊಟ್ಟೀನಿ."

"ಅಂವ ಬ್ಯಾಸರ ಮಾಡ್ಕೋಬಾರದು."

"ಕೆಲಸ ಕೊಟ್ರ ಬ್ಯಾಸರ ಯಾಕಕ್ಕಾ? ಇದು ಶಾಸ್ತ್ರ."

ಶಾಸ್ತ್ರ ಅಂದಕೂಡಲೇ ಅವಳು ತಲೆಯಾಡಿಸಿ ಒಲೆಯ ಕಡೆ ಹೋದಳು. ಆ ನಂಬಿಕೆ ನೆನೆದರೆ ಈ ವಯಸ್ಸಿನಲ್ಲೂ ನನಗೆ ಒಳಗೆ ಎಲ್ಲೋ ಚುಚ್ಚುತ್ತದೆ.

ಸೋಮವಾರದಿಂದ ಸುಧಾರಣೆ. ಮಣೆಗಳಿಗೆ ನಂಬರು ಬಿತ್ತು. ಯಾವುದೋ ಶಾಲೆಯ ಹಳೆಯ ಗಂಟೆ ಬಾಗಿಲಿಗೆ ಬಂತು: ಬಂದವನು ಒಂದು ಸಲ ಹೊಡೆಯಬೇಕು, ಕಲ್ಲವ್ವ ಒಂದು ತಟ್ಟೆ ಇಡಬೇಕು. ತಲೆಗೆ ಸರಾಸರಿ ನಾಲ್ಕು ರೊಟ್ಟಿಯೆಂದು ನನ್ನ ಲೆಕ್ಕ ಕಂಡುಹಿಡಿದಿದ್ದರಿಂದ ಮುಂಚೆಯೇ ಬಡಿದು, ನಾಲ್ಕು ನಾಲ್ಕರಂತೆ ಪೇರಿಸಿ ಇಡುವುದು. ಕಾಡಪ್ಪ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಮೊರ ಮುಂದಿಟ್ಟುಕೊಂಡು ಕೂತ. ಅವನ ಕಣ್ಣಿಗೆ ಹರಳೂ ಬೇಳೆಯೂ ಒಂದೇ. ಆದ್ದರಿಂದ ಅದೇ ಬೇಳೆಯನ್ನು ದಿನಕ್ಕೆ ಮೂರು ಸಲ ಆರಿಸುತ್ತಿದ್ದ.

ಮೊದಲ ದಿನ ಊಟದ ಸಮಯ ಮೂವತ್ತೊಂದು ನಿಮಿಷದಿಂದ ಹದಿನಾಲ್ಕಕ್ಕೆ ಇಳಿಯಿತು. ನಾನು ಎಷ್ಟು ಉಬ್ಬಿದೆನೆಂದರೆ ಕೋಟಿನ ಗುಂಡಿ ಹಾರಿ ಎದುರಿನ ಭೋಜನಗೃಹದ ಗಾಜಿಗೆ ಬಡಿಯಿತು.

ಎರಡನೆಯ ದಿನದಿಂದ ಗೊಣಗಾಟ. ಸಿದ್ರಾಮಪ್ಪ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿಸಿದ. "ಏನ್ರಿ ಹೊಳಬಸಪ್ಪನವರ, ಇದು ರೊಟ್ಟ್ಯೋ ಹಂಚೋ? ಗಂಟಿ ಬಾರ್ಸಿ, ನಂಬರ ಮ್ಯಾಲ ಕುಂತು ಉಣ್ಣಾಕ ಇದೇನು ಯರವಡಾ ಜೈಲೇನ್ರಿ? ಅಲ್ಲಿ ಆದ್ರ ದೇಶಭಕ್ತ ಅಂತರ ಅಂತಾರ."

ನಾನು ಹೆದರಲಿಲ್ಲ. ಎಂಟನೆಯ ಪಾಠ ಬದಲಾವಣೆಯ ಬಗ್ಗೆಯೇ ಇತ್ತು: ಹೊಸದನ್ನು ಜನ ಮೊದಲು ವಿರೋಧಿಸುತ್ತಾರೆ, ವಿರೋಧ ಬಂತೆಂದರೆ ಬದಲಾವಣೆ ಬೇರು ಬಿಡುತ್ತಿದೆ ಎಂದು ತಿಳಿ. ಹೀಗಾಗಿ ಒಬ್ಬೊಬ್ಬ ಬಿಟ್ಟು ಹೋದಾಗಲೂ ನನಗೆ ಬೇರು ಕಾಣಿಸುತ್ತಿತ್ತು. ನಲವತ್ನಾಲ್ಕು ಇದ್ದವರು ನಲವತ್ತಾದರು, ಮೂವತ್ತಾರಾದರು. ಗಂಟೆಯೂ ತಣ್ಣನೆಯ ರೊಟ್ಟಿಯೂ ಇರುವುದಾದರೆ ಕುರ್ಚಿಯ ಮೇಲೆ ಕೂತಾದರೂ ತಿನ್ನೋಣ ಎಂದು ಅವರ ವಾದ. ಸಿದ್ರಾಮಪ್ಪ ಮಾತ್ರ ಹೋಗಿಯೂ ತಿರುಗಿ ಬಂದ. ಅವನು ಕೂತ ಏಟಿಗೆ ಅಲ್ಲಿಯ ಕುರ್ಚಿ ನಾಲ್ಕು ಕಾಲನ್ನೂ ಚಾಚಿ ಮಲಗಿಬಿಟ್ಟಿತ್ತಂತೆ.

ಮೂರನೆಯ ವಾರದ ಶನಿವಾರ ಉಂಡವರು ಮೂವತ್ತೊಂದು. ಮಧ್ಯಾಹ್ನ ಹೋದಾಗ ಬಸವಣ್ಣೆವ್ವ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದಳು. ಗಂಡನ ಹಿಂದೆ ಪುಣೆಗೆ ಬರುವಾಗ ತಂದ ಪೆಟ್ಟಿಗೆ. ನಾನು ವರದಿಯ ಕಾಗದ ಕೈಯಲ್ಲಿ ಹಿಡಿದು ನಿಂತೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಂಟನೆಯ ಪಾಠ ಹೇಳಬಹುದಾಗಿತ್ತು.

"ಸೋಮವಾರ ಮುಂಜಾನಿ ಒಳಗ ಬಾ ತಮ್ಮಾ" ಅಂದಳು. "ಹೊರಗ ಕುಂತು ಭಾಳ ನೋಡಿದಿ."

ಸೋಮವಾರ ಬೆಳಿಗ್ಗೆ ಕಚೇರಿಯ ಮುಂಚಿನ ಊಟದ ಹೊತ್ತಿಗೆ ಹೋದೆ. ಒಲೆಯ ಪಕ್ಕ ಕೂರಿಸಿದಳು, ಮುಖ ಬೆಂಕಿಯ ಕಡೆ, ಬೆನ್ನು ಪಡಸಾಲೆಗೆ, ಅವಳು ಹದಿನೆಂಟು ವರ್ಷ ಕೂತ ಹಾಗೆ. ಹೊರಗೆ ಗಂಟೆ ಬಡಿಯಿತು.

"ಬಂದಾಂವ ಯಾರು?" ಅಂದಳು.

"ಕಾಣಸವಲ್ಲದಕ್ಕಾ."

"ಎಷ್ಟು ರೊಟ್ಟಿ ಬಡೀಲಿ?"

"ನಾಲ್ಕು."

"ಯಾಕ ನಾಲ್ಕು?"

"ಸರಾಸರಿ."

"ಸರಾಸರಿ ಅನ್ನಾಂವ ನಮ್ಮಲ್ಲಿ ಯಾರೂ ಉಣ್ಣಂಗಿಲ್ಲ ತಮ್ಮಾ." ಆಮೇಲೆ ಹಿತ್ತಲಿನ ಕಡೆ ತಿರುಗಿ, "ಕಾಡಪ್ಪಣ್ಣಾ! ಬ್ಯಾಳಿ ಸಾಕು. ಬಾಗಲಕ ಹೋಗು" ಎಂದು ಕೂಗಿದಳು.

ಗೋಡೆ ಸವರಿಕೊಂಡು ಹೋಗುವ ಸದ್ದು. ಚಾಪೆ ಬಿಚ್ಚುವ ಸದ್ದು. ಸ್ವಲ್ಪ ಹೊತ್ತಿಗೆ ಆ ಹಳೆಯ ಕೂಗು ಗೋಡೆ ದಾಟಿ ಒಳಗೆ ಬಂತು.

"ಬರ್ರಿ ಬರ್ರಿ ಸಿದ್ರಾಮಪ್ಪನವರ! ಊರಿಂದ ಟಪಾಲ ಬಂತೇನ್ರಿ?"

"ಬಂತ್ರಿ ಕಾಕಾ! ಮಗಗ ಎರಡ ಹಲ್ಲ ಬಂದಾವಂತ!"

ಬಸವಣ್ಣೆವ್ವನ ಕೈ ಆಗಲೇ ಹಿಟ್ಟಿಗೆ ಹೋಗಿತ್ತು. "ಏಳು" ಅಂದಳು. ಆಮೇಲೆ ನಕ್ಕು, "ಇವತ್ತ ಎಂಟು." ಸಿದ್ರಾಮಪ್ಪ ಕಾಲು ತೊಳೆದು ಮಣೆಗೆ ಬರುವುದಕ್ಕೂ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುವುದಕ್ಕೂ ಸರಿಹೋಯಿತು.

"ಬಾರಪಾ ದಿಗಂಬರ. ಟಪಾಲ ಬಂತೇನೊ?"

ಈ ದಿಗಂಬರ ಮುದ್ರಣಾಲಯದವನು, ಮಿತಭಾಷಿ. "ಇಲ್ಲ ಕಾಕಾ."

ಬಸವಣ್ಣೆವ್ವ ಬಡಿಯುತ್ತಿದ್ದ ತೆಳ್ಳನೆಯ ರೊಟ್ಟಿಯನ್ನು ಬದಿಗೆ ಸರಿಸಿದಳು. ದಪ್ಪನೆಯದೊಂದು ಬಡಿದು, ಮೆತ್ತಗೆ ಬೇಯಿಸಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟಳು. "ಹೆಂಡತಿ ಹಡ್ಯಾಕ ಹೋಗ್ಯಾಳ. ತಿಂಗಳ ಆತು, ಇನ್ನೂ ಸುದ್ದಿ ಇಲ್ಲ. ಇಂಥಾ ಹೊತ್ತಿನ್ಯಾಗ ಗಂಟಲದಾಗ ಕಟಕ ರೊಟ್ಟಿ ಇಳಿತದೇನು?"

ನಾನು ಗಡಿಯಾರ ಜೇಬಿಗೆ ಹಾಕಿದೆ. ನನಗೆ ನೆನಪಾಯಿತು: ಬೆಳಗಾವಿಯಲ್ಲಿ ನನ್ನ ತಾಯಿ ಕಾಯಿಲೆ ಬಿದ್ದಿದ್ದ ತಿಂಗಳು ನನ್ನ ತಟ್ಟೆಯಲ್ಲಿ ದಿನಾಲೂ ಬೆಣ್ಣೆ ಇರುತ್ತಿತ್ತು. ಕಲ್ಲವ್ವನ ಕೈ ಜಾರಿ ಬಿದ್ದದ್ದೆಂದು ತಿಳಿದು ಸುಮ್ಮನೆ ತಿಂದಿದ್ದೆ.

"ಇದನ್ನ ಮೊದಲ ಯಾಕ ಹೇಳಲಿಲ್ಲಕ್ಕಾ?"

"ನನಗ ಗೊತ್ತಿದ್ರ ಹೇಳ್ತಿದ್ದೆ. ಇಷ್ಟು ವರ್ಷ ಕಾಡಪ್ಪಣ್ಣನ ದನಿ ಕೇಳಿ ಬಡದೀನಿ. ಕೇಳಾಕತ್ತೀನಿ ಅನ್ನೂದ ಗೊತ್ತಿದ್ದಿಲ್ಲ. ಗಂಟಿ ಕಟ್ಟಿದ ಮ್ಯಾಲ ಕೈ ಕುರುಡ ಆತು." ಅವಳು ಬೆಂಕಿಗೆ ಒಂದು ಕಟ್ಟಿಗೆ ನೂಕಿದಳು. "ಅಂವಗೂ ಗೊತ್ತಿಲ್ಲ. ನೀ ಹೋಗಿ ಹೇಳಬ್ಯಾಡ ಮತ್ತ. ಗೊತ್ತಾದ್ರ ಕೆಲಸ ಮಾಡಿದಂಗ ಮಾಡ್ತಾನ."

ಅಂದೇ ಗಂಟೆ ಬಿಚ್ಚಿದೆ, ಮಣೆಯ ನಂಬರು ಕೆರೆದೆ. ಆದರೆ ಹೋದವರು ಬರಬೇಕಲ್ಲ? ಅದನ್ನು ಕಾಡಪ್ಪನೇ ನೋಡಿಕೊಂಡ, ನೋಡಿಕೊಳ್ಳುತ್ತಿದ್ದೇನೆಂಬ ಅರಿವಿಲ್ಲದೆ. ಮರುದಿನ ಶ್ಯಾಮಣ್ಣ ಎಂಬ ಕಾರಕೂನ ಎದುರಿನ ಭೋಜನಗೃಹದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಬಾಗಿಲಲ್ಲಿ ಮಾರ್ತಾಂಡರಾಯರು "ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು, ಕುರ್ಚಿ ಎಳೆದು ಕಾಯುತ್ತಿದ್ದರು. ಬೀದಿಯ ಈಚೆಯಿಂದ ಕಾಡಪ್ಪ ಕೂಗಿದ.

"ಏ ಶ್ಯಾಮಣ್ಣಾ! ಎಲ್ಲಿ ಹೋಗಿದ್ಯೋ ಇಷ್ಟ ದಿನ? ನಿಮ್ಮವ್ವನ ಮೊಣಕಾಲ ಹ್ಯಾಂಗದ? ಟಪಾಲ ಬಂತಿಲ್ಲೊ?"

ಶ್ಯಾಮಣ್ಣ ಅಲ್ಲೇ ನಿಂತ. ಮುಂದೆ ಪಂಖ, ಹಿಂದೆ ಕಾಡಪ್ಪ. ಸಿಂಹಗಡದ ಕೋಟೆ ಹತ್ತುವಾಗಲೂ ಯಾರೂ ಅಷ್ಟು ಹೊತ್ತು ಒಂಟಿಕಾಲಲ್ಲಿ ನಿಂತಿರಲಿಕ್ಕಿಲ್ಲ. ಎತ್ತಿನ ಗಾಡಿಯೊಂದು, ಟಾಂಗಾವೊಂದು ನಡುವೆ ಹಾದುಹೋದವು. ಗಾಡಿ ದಾಟಿದ ಮೇಲೆ ನೋಡಿದರೆ ಶ್ಯಾಮಣ್ಣ ನಮ್ಮ ಹೊಸ್ತಿಲಲ್ಲಿ ಕಾಲು ತೊಳೆಯುತ್ತಿದ್ದ. "ಈಗ ಎದ್ದು ಅಡ್ಡಾಡ್ತಾಳ ಕಾಕಾ" ಅನ್ನುತ್ತಿದ್ದ. ಒಳಗಿನಿಂದ ಬಡಿಯುವ ಸದ್ದು ಆಗಲೇ ಶುರುವಾಗಿತ್ತು.

ಒಂದೂವರೆ ತಿಂಗಳಲ್ಲಿ ನಲವತ್ತಾರು ಮಂದಿಯಾದರು. ತಗಡಿನ ಪೆಟ್ಟಿಗೆ ಮತ್ತೆ ಅಟ್ಟದ ಮೇಲೆ ಏರಿತು. ಯುಗಾದಿಗೆ ಅಣ್ಣ ಕರೆದ. ಹೋದಳು, ಹೋಳಿಗೆ ಉಂಡು ನಾಲ್ಕನೆಯ ದಿನ ತಿರುಗಿ ಬಂದಳು.

ಆದ್ದರಿಂದ ಮೊದಲು ನಾನಾಡಿದ ಮಾತನ್ನು ಚೂರು ಸಡಿಲ ಮಾಡಿಕೊಳ್ಳುತ್ತೇನೆ. ಉಳಿಸಿದವನು ನಾನೇ, ಆದರೆ ನನ್ನ ಕೈಯಿಂದ ತಪ್ಪಿಸಿಕೊಂಡು ಖಾನಾವಳಿ ಉಳಿಯಿತು.

ಇಷ್ಟೆಲ್ಲ ಆದ ಮೇಲೆ ಹನ್ನೊಂದನೆಯ ಪಾಠ ಬಂತು. ಪ್ರತಿ ಸಂಸ್ಥೆಯಲ್ಲೂ ಬರೆದಿಟ್ಟ ವ್ಯವಸ್ಥೆಯ ಕೆಳಗೆ ಬರೆಯದ ಇನ್ನೊಂದು ವ್ಯವಸ್ಥೆ ಇರುತ್ತದೆ. ಅದನ್ನು ಅರಿಯದೆ ಏನನ್ನೂ ಬದಲಿಸಬಾರದು ಎಂದಿತ್ತು. ಮೂರನೆಯದಕ್ಕಿಂತ ಮೊದಲು ಕಳಿಸಬೇಕಾದ ಪಾಠ. ಬಸವಣ್ಣೆವ್ವನಿಗೆ ಓದಿ ಹೇಳಿದೆ. ಅವಳು ಪೂರಾ ಕೇಳಿ, "ಇದನ್ನ ಬರದಾಂವ ಯಾವ ಖಾನಾವಳ್ಯಾಗ ಉಣ್ತಿದ್ದ?" ಅಂದಳು. ನನ್ನ ವರದಿಯನ್ನು ಮತ್ತೆ ಬರೆದೆ. ಹೊಸ ನಕ್ಷೆಯಲ್ಲಿ ಕಾಡಪ್ಪನಿಗೊಂದು ಚೌಕ, ಅಲ್ಲಿಂದ ಎಲ್ಲ ಚೌಕಗಳಿಗೂ ಬಾಣ. ಪರೀಕ್ಷಕರು ಅಂಚಿನಲ್ಲಿ "ಇಂಥ ಹುದ್ದೆ ಪಾಠದಲ್ಲಿ ಇಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು, ಪಾಸಾಗಲು ನಲವತ್ತು ಬೇಕಾದಲ್ಲಿ ನಲವತ್ತೊಂದು ಕೊಟ್ಟರು. ಆ ಹೆಚ್ಚಿನ ಒಂದು ಅಂಕ ಕಾಡಪ್ಪನದು.

ಕಾಡಪ್ಪ ೧೯೪೪ರ ಶ್ರಾವಣದಲ್ಲಿ ಹೋದ. ಕೊನೆಯವನು ಉಂಡು ಎದ್ದ ಮೇಲೆ ಚಾಪೆಯ ಮೇಲೆ ಹಾಗೇ ಒರಗಿದವನು ಏಳಲಿಲ್ಲ. ಉಣ್ಣುವವರೆಲ್ಲ ಅಂದು ಕಚೇರಿ, ಅಂಗಡಿ ಬಿಟ್ಟು ಬಂದು ಮಣ್ಣು ಕೊಟ್ಟೆವು. ಹೆಗಲು ಕೊಡಲು ಸರದಿ ಸಿಗದೆ ಸಿದ್ರಾಮಪ್ಪ ದಾರಿಯುದ್ದಕ್ಕೂ ಜಗಳಾಡಿದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೆಯ ದಿನ ಹಚ್ಚಿದಳು, ಆದರೆ ರೊಟ್ಟಿ ದಾರಿ ತಪ್ಪಿದವು. ದಿಗಂಬರನಿಗೆ ಏಳು ಹೋದವು, ಸಿದ್ರಾಮಪ್ಪನಿಗೆ ಮೂರು. ಯುದ್ಧದ ಕಾಲ, ರೇಷನ್ನಿನ ಜೋಳ. ಒಂದು ರೊಟ್ಟಿ ಹೆಚ್ಚಾದರೆ ಇನ್ನೊಬ್ಬನಿಗೆ ಕಡಿಮೆ. ವಾರ ಕಳೆಯುವುದರೊಳಗೆ ಬಸವಣ್ಣೆವ್ವ ಹಿಟ್ಟಿನ ಪರಾತದಲ್ಲಿ ಕೈಯಿಟ್ಟು ಸುಮ್ಮನೆ ಕೂತಿರುವುದನ್ನು ಕಂಡೆ.

"ಅಕ್ಕಾ, ಬಾಗಲಕ ಒಬ್ಬ ಚಲೋ ಮನಷ್ಯಾನ್ನ ಹುಡುಕೂಣು" ಅಂದೆ.

"ಹುಡುಕೂದೇನದ? ಹದಿನಾಲ್ಕ ವರ್ಷದಿಂದ ಇಲ್ಲೇ ಉಣ್ಣಾಕತ್ತಿ. ನೀನ ಕೂಡು."

"ನಾನ? ನಾ ಈಗ ಹೆಡ್ ಕ್ಲಾರ್ಕ್ ಇದ್ದೀನಕ್ಕಾ. ನನ್ನ ಕೈಕೆಳಗ ಹದಿನೇಳು ಮಂದಿ ಇದ್ದಾರ."

"ಹದಿನೇಳರಾಗ ಒಬ್ಬಾಂವಗರ ಊರಿಂದ ಟಪಾಲ ಬಂತೋ ಇಲ್ಲೋ, ಗೊತ್ತದೇನು ನಿನಗ?"

ಮರುದಿನ ಬೆಳಿಗ್ಗೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕಾಡಪ್ಪನ ಚಾಪೆಯ ತುದಿಯಲ್ಲಿ ಕೂತೆ. ನಡುವೆ ಕೂರಲು ಮನಸ್ಸಾಗಲಿಲ್ಲ. ಓಣಿಯ ತಿರುವಿನಲ್ಲಿ ಸಿದ್ರಾಮಪ್ಪನ ಹೊಟ್ಟೆ ಕಾಣಿಸಿತು, ಅದರ ಹಿಂದೆ ಸಿದ್ರಾಮಪ್ಪ. ಒಳಗೆ ಮುಖ ತಿರುಗಿಸಿ ಕೇಳಿದೆ:

"ಅಕ್ಕಾ, ಇಲ್ಲಿ ಕುಂತು ನಾ ಮಾಡೂದರ ಏನು?"

"ಏನೂ ಮಾಡಬ್ಯಾಡ ತಮ್ಮಾ" ಎಂದು ಗೋಡೆಯ ಆಚೆಯಿಂದ ದನಿ ಬಂತು. "ನೀ ಏನರ ಮಾಡಿದ್ದಕ್ಕ ಆವತ್ತು ಅಷ್ಟೆಲ್ಲಾ ಆದದ್ದು."